ಹನ್ನೊಂದರ ಮೈಲೇಜು

ಹಿನಕಲ್ಲಿನ ಸದಾಶಿವಯ್ಯನವರು ಗುರುವಾರ ಆ ಗೃಹಪ್ರವೇಶಕ್ಕೆ ಹೋಗದೇ ಇದ್ದಿದ್ದರೆ, ಹೋದರೂ ಎರಡನೇ ಪಂಕ್ತಿಗೆ ಕೂತಿದ್ದರೆ, ಮಂಟೇಸ್ವಾಮಿಯ ಶುಕ್ರವಾರ ನೆಟ್ಟಗಿರುತ್ತಿತ್ತು. ಆದರೆ ಅವರು ಮೊದಲನೇ ಪಂಕ್ತಿಗೇ ಕೂತರು. ಪಕ್ಕದ ಎಲೆಯಲ್ಲಿ ಅವರ ಹಾಗೆಯೇ ಕಾಂಕ್ರೀಟ್ ಮಿಕ್ಸರ್ ಬಾಡಿಗೆಗೆ ಬಿಡುವ ಮನುಷ್ಯನೊಬ್ಬ ಕೂತಿದ್ದ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವನು, "ನಮ್ಮ ಪಿಕಪ್ಪು ಮಿಕ್ಸರ್ ಎಳ್ಕೊಂಡೂ ಲೀಟರಿಗೆ ಹನ್ನೊಂದು ಕೊಡುತ್ತೆ. ನಿಮ್ದು ಎಷ್ಟು ಸ್ವಾಮಿ?" ಅಂದ. ಸದಾಶಿವಯ್ಯನವರ ಗಾಡಿ ಕೊಡುತ್ತಿದ್ದದ್ದು ಏಳು. ಹಾಗಂತ ಬಾಯಿಬಿಟ್ಟು ಹೇಳಲಾಗದೆ ಅವರು ಬಡಿಸುವವನನ್ನು ಕರೆದು ಹಪ್ಪಳ ಕೇಳಿದರು. ಆಮೇಲೆ ಹೋಳಿಗೆ ಎಲೆಯಲ್ಲೇ ಉಳಿಯಿತು.

ಮಾರನೆಯ ಬೆಳಿಗ್ಗೆ ಡ್ರೈವರ್ ಮಂಟೇಸ್ವಾಮಿ ಕೆಲಸಕ್ಕೆ ಬಂದಾಗ ಅವನ ಸೀಟಿನಲ್ಲಿ ಯಜಮಾನರೇ ಕೂತಿದ್ದರು. ಆ ಪಿಕಪ್ಪಿನಲ್ಲಿ ಸ್ಪೀಡೋಮೀಟರಿನ ಪಕ್ಕ ಒಂದು ಪುಟ್ಟ ಪರದೆ ಇದೆ. ಸರಾಸರಿ ಮೈಲೇಜು ಅದರಲ್ಲಿ ಕಾಣುತ್ತದೆ. ಯಜಮಾನರು ಅದನ್ನು ಒತ್ತಿ ಸೊನ್ನೆಗೆ ತಂದಿದ್ದರು.

"ನೋಡಪ್ಪ, ದೇವರಾಜು ಇದ್ದಾಗ ಇದೇ ಗಾಡಿ, ಹಿಂದೆ ಇದೇ ಮಿಕ್ಸರ್ರು, ಹನ್ನೊಂದು ಕೊಡ್ತಿತ್ತು. ಗಾಡಿ ವಿಷಯದಲ್ಲಿ ಅವನದ್ದು ಒಳ್ಳೆ ಕೈ. ಬೇರೆ ವಿಷಯ ಬೇಡ ಬಿಡು. ನೀನು ಬಂದು ಒಂದೂಕಾಲು ವರ್ಷ. ಹತ್ತಾಯ್ತು, ಒಂಬತ್ತಾಯ್ತು, ಈಗ ಏಳು. ಸಾಯಂಕಾಲ ವಾಪಸ್ ಬಂದಾಗ ಇಲ್ಲಿ ಹನ್ನೊಂದು ಕಾಣಿಸ್ಬೇಕು. ಇಲ್ದಿದ್ರೆ ಕೀ ಇಟ್ಟು ಹೋಗು."

"ಗಾಡಿಗೂ ವಯಸ್ಸಾಯ್ತಲ್ವಾ ಯಜಮಾನ್ರೇ."

"ನನಗೂ ಆಗಿದೆ. ನಾನೇನು ಮೊದಲಿಗಿಂತ ಜಾಸ್ತಿ ಉಣ್ತಿದೀನಾ?"

ಈ ಸ್ಟಿಯರಿಂಗ್ ಸಿಗುವ ಮುಂಚೆ ಮಂಟೇಸ್ವಾಮಿ ಒಂದು ಕಲ್ಯಾಣಮಂಟಪದಲ್ಲಿ ಆರು ವರ್ಷ ಪಾತ್ರೆ ತೊಳೆದಿದ್ದ. ಸಾವಿರ ಜನದ ಸಾರಿನ ಕೊಳದಪ್ಪಲೆ ಎಂದರೆ ಒಳಗೆ ಇಳಿದೇ ಉಜ್ಜಬೇಕು. ಪಾಯಸದ್ದಾದರೆ ಕೇಳಲೇಬೇಡಿ, ತಳ ಹಿಡಿದದ್ದನ್ನು ಕೆರೆಯುವ ಹೊತ್ತಿಗೆ ಇನ್ನೊಂದು ಮದುವೆ ಬಂದಿರುತ್ತಿತ್ತು. ಡ್ರೈವರ್ ಆದ ದಿನ, ಈ ಜನ್ಮದಲ್ಲಿ ಇನ್ನು ಯಾವ ಪಾತ್ರೆಯೊಳಗೂ ಕೈ ಹಾಕುವುದಿಲ್ಲ ಎಂದು ಹೆಂಡತಿ ಪ್ರೀತಿಯ ಮುಂದೆ ಶಪಥ ಮಾಡಿದ್ದ. ಅಂದಿನಿಂದ ತಾನು ಕಾಫಿ ಕುಡಿದ ಲೋಟವನ್ನೂ ತೊಳೆದವನಲ್ಲ. ಈಗ ಕೀ ಹೋದರೆ ಮತ್ತೆ ಕೊಳದಪ್ಪಲೆಯೇ.

ಶುಕ್ರವಾರವಾದ್ದರಿಂದ ಯಜಮಾನರ ತಾಯಿ ಬಸಮ್ಮ ಪೂಜೆ ಮಾಡದೆ ಮಿಕ್ಸರ್ ಅಂಗಳ ಬಿಟ್ಟು ಹೊರಡುವಂತಿರಲಿಲ್ಲ. ಅವರು ಡ್ರಮ್ಮಿನ ಹೊಟ್ಟೆಗೆ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಕುಂಕುಮ ಹಾಕಿ ತಂದಿದ್ದ ಡಬ್ಬಿ ಮುಚ್ಚಳವನ್ನು ಡ್ರಮ್ಮಿನ ಬಾಯಂಚಿಗೆ ಇಟ್ಟು ಕರ್ಪೂರ ಹಚ್ಚಿದರು. ಮಂಗಳಾರತಿ ಮುಗಿಸಿ ಹಾಗೇ ಒಳಗೆ ಹೊರಟರು.

"ಅಮ್ಮಾರೇ, ಮುಚ್ಚಳ ಮರೆತ್ರಿ," ಎಂದು ಮಂಟೇಸ್ವಾಮಿ ಎತ್ತಿಕೊಟ್ಟ.

"ಕೊಡಪ್ಪ. ಕುಂಕುಮಕ್ಕೆ ಬೆಳ್ಳಿ ಬಟ್ಟಲಿತ್ತು ನಂಗೆ, ನಮ್ಮಮ್ಮ ಕೊಟ್ಟಿದ್ದು. ಯಾರ ಕಣ್ಣು ಬಿತ್ತೋ, ಹೋಯ್ತು. ಈಗ ಈ ಮುಚ್ಚಳಾನೇ ಗತಿ."

ಈ ಮಾತನ್ನು ಆಕೆ ಪ್ರತಿ ಶುಕ್ರವಾರ ಆಡುತ್ತಿದ್ದುದರಿಂದ ಮಂಟೇಸ್ವಾಮಿಯ ಕಿವಿಗೆ ಅದು ಬೀಳುವುದೇ ನಿಂತುಹೋಗಿತ್ತು. ಅವನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಎಂಜಿನ್ನು ಅದೇ, ದಾರಿ ಅದೇ, ಡೀಸೆಲ್ಲು ಅದೇ ಬಂಕಿನದು. ಹಾಗಾದರೆ ಆ ನಾಲ್ಕು ಕಿಲೋಮೀಟರ್ ಎಲ್ಲಿ ಹೋಯಿತು?

ಬೀದಿ ಕೊನೆಯ ಪಂಚರ್ ಅಂಗಡಿಯ ಮಹಾಂತೇಶ್ ಇಂಥ ಪ್ರಶ್ನೆಗೇ ಕಾದು ಕೂತವನಂತಿದ್ದ. ಟೈರುಗಳಿಗೆಲ್ಲ ಗಾಳಿ ತುಂಬಿ, ಪಿಕಪ್ಪಿನ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಮೈಲೇಜಿಗೆ ದೊಡ್ಡ ಶತ್ರು ಭಾರ ಕಣೋ. ಬೇಡದ್ದನ್ನೆಲ್ಲ ಇಳಿಸು. ಈ ಜಾಕು ಯಾಕೆ? ಟಾರ್ಪಾಲು ಯಾಕೆ? ಈ ಸ್ಟೆಪ್ನಿ ಯಾಕೆ? ಮೂವತ್ತು ಕೆ.ಜಿ. ದಂಡಪಿಂಡ. ಎ.ಸಿ. ಹಾಕ್ಬೇಡ. ಗ್ಲಾಸ್ ಏರಿಸ್ಕೋ, ಗಾಳಿ ಒಳಗೆ ನುಗ್ಗಿದ್ರೆ ಗಾಡಿ ಹಿಂದಕ್ಕೆ ಎಳೆಯುತ್ತೆ. ನಲವತ್ತು ದಾಟ್ಬೇಡ. ಬ್ರೇಕ್ ತುಳಿದೆ ಅಂದ್ರೆ ಡೀಸೆಲ್ ರಸ್ತೆಗೆ ಚೆಲ್ಲಿದೆ ಅಂತಾನೇ ತಿಳ್ಕೋ."

ಮಂಟೇಸ್ವಾಮಿ ಎಲ್ಲವನ್ನೂ ಇಳಿಸಿದ. ಇನ್ನೂ ಏನು ಇಳಿಸಬಹುದು ಎಂದು ನೋಡಿದರೆ ಹಿಂದೆ ಪುಟ್ಟಲಿಂಗಮ್ಮ ಮತ್ತು ಅವಳ ಗ್ಯಾಂಗಿನ ಐದು ಹೆಂಗಸರು ಹತ್ತಿ ಕೂತಿದ್ದರು. ಕಾಂಕ್ರೀಟ್ ಮಾಲು ಕಲಸುವುದಕ್ಕೂ ಹೊರುವುದಕ್ಕೂ ಇವರೇ. ದಿನಾ ಗಾಡಿಯಲ್ಲೇ ಹೋಗುತ್ತಿದ್ದರು.

"ಅಕ್ಕಾ, ಇವತ್ತೊಂದಿನ ಬಸ್ಸಲ್ಲಿ ಬನ್ನಿ. ಹೆಂಗಸರಿಗೆ ಫ್ರೀ ತಾನೇ."

"ಯಾಕಪ್ಪ, ನಾವೇನು ನಿನ್ನೆಗಿಂತ ಜಾಸ್ತಿ ತೂಗ್ತೀವಾ?"

"ಹಂಗಲ್ಲಕ್ಕ, ಮೈಲೇಜು."

"ಮಂಕ್ರಿ, ಗುದ್ದಲಿ?"

"ಅವನ್ನೂ ತಗೊಂಡೋಗಿ."

ಪುಟ್ಟಲಿಂಗಮ್ಮ ಎಲೆಯಡಿಕೆ ಉಗಿದು, ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮಂಕರಿ ಎತ್ತಿಕೊಂಡು ಇಳಿದಳು.

ಕೆಲಸ ಇದ್ದದ್ದು ಚಾಮರಾಜಪುರದ ಒಂದು ಮನೆಯಲ್ಲಿ, ಪೋರ್ಟಿಕೋಗೆ ಮೋಲ್ಡಿಂಗು. ಮಂಟೇಸ್ವಾಮಿ ಹುಣಸೂರು ರಸ್ತೆಗೆ ಬಂದು, ಗ್ಲಾಸು ಏರಿಸಿಕೊಂಡು, ಬೆವರು ಸುರಿಸುತ್ತಾ ಮೂವತ್ತರಲ್ಲಿ ಹೊರಟ. ಕಣ್ಣು ರಸ್ತೆಯ ಮೇಲಿದ್ದದ್ದಕ್ಕಿಂತ ಪರದೆಯ ಮೇಲಿದ್ದದ್ದೇ ಹೆಚ್ಚು. ಹಿಂದೆ ಕಾರು, ಆಟೋ, ಸ್ಕೂಲ್ ವ್ಯಾನು ಎಲ್ಲ ಸಾಲುಗಟ್ಟಿದವು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಮುದುಕರೊಬ್ಬರು ಡ್ರಮ್ಮಿನ ವಿಭೂತಿಯನ್ನೂ ಹಿಂದಿನ ಸಾಲನ್ನೂ ಕಂಡು, ಯಾವುದೋ ಉತ್ಸವವೆಂದು ಚಪ್ಪಲಿ ಬಿಟ್ಟು ಕೈಮುಗಿದರು. ಒಬ್ಬ ಸ್ಕೂಟರಿನವನು ಪಕ್ಕಕ್ಕೆ ಬಂದು ಗ್ಲಾಸು ಬಡಿದು, "ಹುಷಾರಿಲ್ವೇನ್ರೀ?" ಎಂದು ಕೇಳಿದ. ಅಷ್ಟರಲ್ಲಿ ಕಿಟಕಿಯಾಚೆ ಒಂದು ಸಿಟಿ ಬಸ್ಸು ದಾಟಿ ಹೋಯಿತು. ಅದರೊಳಗಿಂದ ಪುಟ್ಟಲಿಂಗಮ್ಮ ಅವನತ್ತ ನೋಡುತ್ತಿದ್ದಳು.

ಪರದೆಯಲ್ಲಿ ಏಳೂವರೆ. ಇಷ್ಟೆಲ್ಲ ತಪಸ್ಸಿಗೆ ಬರೀ ಅರ್ಧ. ಮಂಟೇಸ್ವಾಮಿ ಅದನ್ನೇ ಯೋಚಿಸುತ್ತಿರುವಾಗ ಹಿಂದಿನ ಎಡ ಟೈರು ಪಂಚರ್ ಆಯಿತು. ಸ್ಟೆಪ್ನಿ ಹಿನಕಲ್ಲಿನಲ್ಲಿತ್ತು. ಜಾಕೂ ಅಲ್ಲೇ ಇತ್ತು. ಫೋನ್ ಮಾಡಿ ಮುಕ್ಕಾಲು ಗಂಟೆಯಾದ ಮೇಲೆ ಮಹಾಂತೇಶ್ ಎರಡನ್ನೂ ಸ್ಕೂಟರಿನಲ್ಲಿ ಹೇರಿಕೊಂಡು ಬಂದ.

"ಸ್ಟೆಪ್ನಿ ಇಲ್ದೆ ಯಾರಾದ್ರೂ ಗಾಡಿ ಆಚೆ ತೆಗೀತಾರೇನಯ್ಯಾ?"

"ನೀನೇ ತಾನೇ ಬಿಚ್ಚಿಡು ಅಂದಿದ್ದು?"

"ಭಾರ ಇಳಿಸು ಅಂದೆ. ಪಂಚರ್ ಮಾಡ್ಕೋ ಅಂದ್ನಾ?"

ಒಂಬತ್ತಕ್ಕೆ ಮುಟ್ಟಬೇಕಾದವನು ಹನ್ನೊಂದಕ್ಕೆ ಮುಟ್ಟಿದ. ಹೆಂಗಸರು ಮರಳು ಗುಡ್ಡೆಯ ಮೇಲೆ ಸಾಲಾಗಿ ಕೂತು ಟೀ ಕುಡಿಯುತ್ತಿದ್ದರು. ಮನೆಯವರು ಗಡಿಯಾರ ತೋರಿಸಿ ಬೈದರು. ಬೈಸಿಕೊಂಡು ಮಿಕ್ಸರ್ ಚಾಲೂ ಮಾಡಿದರೆ ಅಲ್ಲೂ ನೆಮ್ಮದಿಯಿಲ್ಲ. ಒಂದು ಮೂಟೆ ಸಿಮೆಂಟಿನ ಮಾಲು ಹಾಕುತ್ತಿದ್ದಂತೆ ಡ್ರಮ್ಮಿನ ಬಾಯಿಂದ ಹೊರಗೆ ಉಕ್ಕಿತು.

"ಮೊದ್ಲು ಒಂದು ಮೂಟೆ ಹಾಯಾಗಿ ಹಿಡೀತಿತ್ತು ಕಣಪ್ಪ," ಅಂದಳು ಪುಟ್ಟಲಿಂಗಮ್ಮ. "ಈಗ ಮುಕ್ಕಾಲಿಗೇ ಕಕ್ತದೆ."

ಮಂಟೇಸ್ವಾಮಿಗೆ ಇದು ವಿಚಿತ್ರವೆನಿಸಿತು. ಡ್ರಮ್ಮು ಕಬ್ಬಿಣದ್ದು. ಒಗೆದ ಬನಿಯನ್ನಿನ ಹಾಗೆ ಕುಗ್ಗುವಂಥದ್ದಲ್ಲ. ಹಾಗಾದರೆ ಒಳಗಿನ ಜಾಗ ಎಲ್ಲಿ ಹೋಯಿತು? ಬೆಳಿಗ್ಗೆಯ ನಾಲ್ಕು ಕಿಲೋಮೀಟರಿಗೂ ಈ ಕಾಲು ಮೂಟೆಗೂ ಏನಾದರೂ ನಂಟಿದೆಯೇ? ಮುಕ್ಕಾಲು ಮುಕ್ಕಾಲು ಮೂಟೆಯಲ್ಲೇ ಕೆಲಸ ಎಳೆದು ಎರಡು ಗಂಟೆಗೆ ಮುಗಿಸಿದರು. ಎಂಜಿನ್ ನಿಲ್ಲಿಸಿ ಅವನು ಒಂದೂಕಾಲು ವರ್ಷದಲ್ಲಿ ಮೊದಲ ಸಲ ಡ್ರಮ್ಮಿನೊಳಗೆ ತಲೆ ಹಾಕಿ ನೋಡಿದ.

ಒಳಗೆ ಕಬ್ಬಿಣವೇ ಕಾಣಲಿಲ್ಲ. ಪದರದ ಮೇಲೆ ಪದರ ಕಾಂಕ್ರೀಟು ಕಚ್ಚಿಕೊಂಡು, ಮಾಲು ಕಲಸುವ ರೆಕ್ಕೆಗಳ ಸಂದಿಯಲ್ಲಿ ಗೇಣು ದಪ್ಪ ಗಟ್ಟಿಯಾಗಿ ನಿಂತಿತ್ತು. ತಳ ಹಿಡಿದ ಪಾತ್ರೆಯನ್ನು ಮಂಟೇಸ್ವಾಮಿ ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲ.

"ಕೆಲ್ಸ ಆದ್ಮೇಲೆ ದಿನಾ ಜಲ್ಲಿ, ನೀರು ಹಾಕಿ ತಿರುಗಿಸಿ ತೊಳೀಬೇಕು ಕಣಪ್ಪ," ಅಂದಳು ಪುಟ್ಟಲಿಂಗಮ್ಮ. "ದೇವರಾಜು ತೊಳೀತಿದ್ದ."

"ನಾನೂ ನೀರು ಹಾಕ್ತಿದ್ನಲ್ಲಕ್ಕ."

"ಹೊರಗಡೆಗೆ ಹಾಕ್ತಿದ್ದೆ."

ಕಡಿಮೆಯೆಂದರೂ ಮೂರು ಕ್ವಿಂಟಾಲ್ ಇತ್ತು. ಅಷ್ಟು ಸತ್ತ ಕಾಂಕ್ರೀಟಿಗೆ ತಾನು ಇಷ್ಟು ದಿನ ಮೈಸೂರೆಲ್ಲ ತೋರಿಸುತ್ತಾ ತಿರುಗಿದೆ ಎಂದು ತಿಳಿದಾಗ ಮಂಟೇಸ್ವಾಮಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಉತ್ತರ ಸಿಕ್ಕ ಖುಷಿಯಾಯಿತು. ಶಪಥವನ್ನು ಬದಿಗಿಟ್ಟು, ಉಳಿ ಸುತ್ತಿಗೆ ಹಿಡಿದು ಒಳಗೆ ಇಳಿದೇಬಿಟ್ಟ. ಅವನು ಒಡೆದು ಎಸೆದ ಹೆಂಟೆಗಳನ್ನು ಹೆಂಗಸರು ಮಂಕರಿಯಲ್ಲಿ ಹೊತ್ತು ಹಾಕಿದರು. ಆರು ವರ್ಷ ಪಾತ್ರೆ ಕೆರೆದ ಕೈ ಏನನ್ನೂ ಮರೆತಿರಲಿಲ್ಲ.

ಐದು ಗಂಟೆಯ ಹೊತ್ತಿಗೆ ಉಳಿದದ್ದು ಒಂದು ರೆಕ್ಕೆಯ ಹಿಂದಿನ ಕಟ್ಟಕಡೆಯ ಪದರ. ಅದಕ್ಕೆ ಪೆಟ್ಟು ಕೊಟ್ಟಾಗ ಏನೋ ಫಳಕ್ಕೆಂದಿತು. ಬಿಡಿಸಿ ಉಜ್ಜಿದರೆ ಒಂದು ಪುಟ್ಟ ಬೆಳ್ಳಿ ಬಟ್ಟಲು, ಒಂದು ಬದಿ ಸ್ವಲ್ಪ ನೆಗ್ಗಿತ್ತು. ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು: ಬಸಮ್ಮ.

ಪುಟ್ಟಲಿಂಗಮ್ಮ ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡಳು. "ಕೊಡೋದೇನೋ ಕೊಡ್ಲೇಬೇಕು," ಅಂದಳು. "ಇವತ್ತೇ ಕೊಡ್ಬೇಕಾ? ನಾಳೆ ಕೊಟ್ರೆ ಆಗಲ್ವಾ?"

ಬಟ್ಟಲು ಹುಡುಕಿಕೊಟ್ಟ ಹೆಸರು ತನಗೊಬ್ಬನಿಗೇ ಬರುತ್ತದಲ್ಲ ಎಂದು ಇವಳಿಗೆ ಹೊಟ್ಟೆಕಿಚ್ಚು ಅಂದುಕೊಂಡ ಮಂಟೇಸ್ವಾಮಿ. ಹೆಂಗಸರನ್ನು ಮತ್ತೆ ಬಸ್ಸಿಗೆ ಕಳಿಸಿದ. ಹಗುರಾದ ಡ್ರಮ್ಮಿಗೆ ಹೊಸ ಲೆಕ್ಕ ಎಂದು ಪರದೆಯನ್ನು ಒತ್ತಿ ಸೊನ್ನೆ ಮಾಡಿ, ಹಿನಕಲ್ ಕಡೆ ಹೊರಟ. ಗಾಡಿ ಹೂವಿನ ಹಾಗೆ ಹೋಯಿತು.

ಅಂಗಳದಲ್ಲಿ ಸದಾಶಿವಯ್ಯನವರು ಕಾದು ನಿಂತಿದ್ದರು. ಕನ್ನಡಕ ಹಾಕಿಕೊಂಡು, ಪಂಚೆಯ ತುದಿಯಿಂದ ಪರದೆ ಒರೆಸಿ ನೋಡಿದರು. ಹನ್ನೊಂದು. ಇನ್ನೊಂದು ಸಲ ಒರೆಸಿದರು. ಹನ್ನೊಂದೇ.

"ಏನ್ ಮಾಡಿದ್ಯೋ?"

"ಡ್ರಮ್ಮು ತೊಳೆದೆ ಯಜಮಾನ್ರೇ."

ಅವರು ಇವನ ಬೆನ್ನು ತಟ್ಟಿದರು. ಗೃಹಪ್ರವೇಶದಲ್ಲಿ ಪಕ್ಕದ ಎಲೆಗೆ ಕೂತಿದ್ದವನ ನಂಬರು ಯಾರ ಹತ್ತಿರ ಸಿಗುತ್ತದೆ ಎಂದು ಯೋಚಿಸಿದರು. "ಹೋಗು, ನಾನಿರೋವರೆಗೂ ಈ ಕೀ ನಿನ್ನ ಕೈಲೇ ಇರುತ್ತೆ," ಅಂದರು.

ಮಂಟೇಸ್ವಾಮಿ ಆಗ ಕೀ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಒಂದು ಸಂತೋಷ ಕೊಟ್ಟವನಿಗೆ ಇನ್ನೊಂದನ್ನೂ ಕೊಡುವ ಹುಮ್ಮಸ್ಸು. "ಅಮ್ಮಾರೇ, ಸ್ವಲ್ಪ ಆಚೆ ಬನ್ನಿ," ಎಂದು ಕರೆದು, ಬಸಮ್ಮನ ಅಂಗೈಯಲ್ಲಿ ಬಟ್ಟಲನ್ನಿಟ್ಟ.

ಬಸಮ್ಮ ಅದನ್ನು ತಿರುಗಿಸಿ, ಅಡಿಯ ಚುಕ್ಕಿಗಳ ಮೇಲೆ ಬೆರಳಾಡಿಸಿದರು. "ಎಲ್ಲಿತ್ತೋ?"

"ಡ್ರಮ್ಮಿನೊಳಗೆ. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ."

ಬಸಮ್ಮ ಡ್ರಮ್ಮಿನ ಬಾಯಂಚನ್ನು ನೋಡಿದರು. ಬೆಳಿಗ್ಗೆ ಮುಚ್ಚಳವಿಟ್ಟಿದ್ದ ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ಜಗಲಿಯ ಮೇಲೆ ಕೂತರು. "ಸದಾಶಿವ, ನಾನೇ ಇಟ್ಟು ಮರೆತಿದ್ದೆ ಕಣೋ. ಒಳಗೆ ಬಿದ್ದದೆ. ಮನೆ ಮಗನ ಥರ ಇದ್ದೋನ್ನ ಕಳ್ಳ ಅಂದ್ಬುಟ್ವಲ್ಲೋ."

ಮಂಟೇಸ್ವಾಮಿಗೆ ವಿಷಯ ತಿಳಿದದ್ದು ಆಗಲೇ. ಬಟ್ಟಲು ಕಾಣೆಯಾದ ಶುಕ್ರವಾರ ಅಂಗಳದಲ್ಲಿದ್ದವನು ಡ್ರೈವರ್ ದೇವರಾಜು ಒಬ್ಬನೇ. ಸಂಜೆ ಕೆಲಸದಿಂದ ಬರುತ್ತಿದ್ದಂತೆ ಕಳ್ಳನೆನಿಸಿಕೊಂಡು, ಡ್ರಮ್ಮು ತೊಳೆಯದೆ, ಕೀ ಎಸೆದು ಹೋಗಿದ್ದ. ಮಾರನೆಯ ದಿನ ಆ ಕೀ ಸಿಕ್ಕಿದ್ದು ಮಂಟೇಸ್ವಾಮಿಗೆ. ಎಲ್ಲದರ ಬಗ್ಗೆಯೂ ಕುತೂಹಲವಿದ್ದ ಅವನು ದೇವರಾಜು ಯಾಕೆ ಬಿಟ್ಟ ಎಂಬುದೊಂದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಸದಾಶಿವಯ್ಯನವರು ಫೋನ್ ಮಾಡಿದ ಕಾಲು ಗಂಟೆಯಲ್ಲಿ ದೇವರಾಜು ಬಂದ. ಯಜಮಾನರು ಅವನ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣಪ್ಪ," ಅಂದರು. ಬಸಮ್ಮ ಕಣ್ಣೊರೆಸಿಕೊಳ್ಳುತ್ತಾ ಒಂದು ತಟ್ಟೆ ಕೇಸರಿಬಾತು ತಂದಿಟ್ಟರು. "ನಾಳೆಯಿಂದ ನಿನ್ನ ಗಾಡಿ ನೀನೇ ಓಡಿಸ್ಬೇಕು, ಇಲ್ಲ ಅನ್ಬೇಡ," ಅಂದರು ಯಜಮಾನರು.

"ಯಜಮಾನ್ರೇ," ಅಂದ ಮಂಟೇಸ್ವಾಮಿ, "ಈಗ ತಾನೇ ನೀವು, ನಾನಿರೋವರೆಗೂ ಅಂದ್ರಿ."

"ಅಂದೆ. ಆದರೆ ಅನ್ಯಾಯ ಸರಿ ಮಾಡ್ಬೇಕಲ್ಲಪ್ಪ. ನಿನ್ನ ಹೊಟ್ಟೆ ಮೇಲೆ ಹೊಡೆಯಲ್ಲ. ಡ್ರಮ್ಮು ತೊಳೆಯೋಕೆ ಇನ್ಮೇಲೆ ಒಬ್ಬ ಬೇಕೇ ಬೇಕು. ನಿನ್ನಷ್ಟು ಚೆನ್ನಾಗಿ ಯಾರು ಉಜ್ತಾರೆ ಹೇಳು?"

ಕೀ ಕೈ ಬದಲಾಯಿಸಿತು. ದೇವರಾಜು ಸೀಟಿನಲ್ಲಿ ಕೂತು ಪರದೆ ನೋಡಿದ. "ಹನ್ನೊಂದು. ನಾನು ಬಿಟ್ಟಾಗ ಎಷ್ಟಿತ್ತೋ ಅಷ್ಟೇ ಇದೆ. ಗಾಡೀನ ಚೆನ್ನಾಗಿ ಇಟ್ಕೊಂಡಿದೀಯ ಕಣೋ," ಎಂದು ಮನಸಾರೆ ಮೆಚ್ಚಿಕೊಂಡ.

ಮಂಟೇಸ್ವಾಮಿ ಕಿಟಕಿಯ ಹತ್ತಿರ ಬಂದ. "ನಾಳೆ ಕೆಲಸ ರಾಮಕೃಷ್ಣನಗರದಲ್ಲಿ ದೇವರಾಜಣ್ಣ. ಎಷ್ಟೊತ್ತಿಗೆ ಹೊರಡ್ತೀಯ? ನಾನು ಹಿಂದ್ಗಡೆ ಕೂತ್ಕೋತೀನಿ."

ಸದಾಶಿವಯ್ಯನವರು ಪರದೆಯನ್ನು ನೋಡಿದರು. ಮಂಟೇಸ್ವಾಮಿಯ ಹೊಟ್ಟೆಯನ್ನು ನೋಡಿದರು. "ದೇವರಾಜು, ಒಬ್ಬ ಆಳು ಜಾಸ್ತಿ ಆದ್ರೆ ಮೈಲೇಜು?"

"ಇಳಿಯುತ್ತೆ ಯಜಮಾನ್ರೇ," ಅಂದ ದೇವರಾಜು. ಸುಳ್ಳು ಹೇಳುವವನಲ್ಲ ಅವನು.

"ನೀನು ಬಸ್ಸಲ್ಲಿ ಬಂದ್ಬುಡು ಕಣಪ್ಪ," ಅಂದರು ಯಜಮಾನರು ಪ್ರೀತಿಯಿಂದ.

ಬೀದಿಗೆ ಬಂದ ಮಂಟೇಸ್ವಾಮಿ ಪುಟ್ಟಲಿಂಗಮ್ಮನಿಗೆ ಫೋನ್ ಮಾಡಿದ.

"ಅಕ್ಕಾ, ರಾಮಕೃಷ್ಣನಗರಕ್ಕೆ ಯಾವ ನಂಬರ್ ಬಸ್ಸು?"

ಆ ಕಡೆ ಅವಳು ಈ ಫೋನಿಗೇ ಕಾದಿದ್ದಳೇನೋ. "ಹೇಳ್ತೀನಿ ಬರ್ಕೋ," ಅಂದಳು. "ಚಿಲ್ಲರೆ ಇಟ್ಕೊಂಡು ಬಾ ಮಗ. ಫ್ರೀ ಇರೋದು ನಮಗೆ."