ಇಪ್ಪತ್ತಾರಡಿಯಿಂದ ಹದಿನಾರಡಿಗೆ ಇಳಿಯಲು ಅನುಮತಿ ಕೋರಿ

ಇಂದ:
ವರ್ಲಿನ್ ಬ್ರೆಕ್ಕೆ, ವಯಸ್ಸು ಅರವತ್ತೇಳು,
ನಿವೃತ್ತ ಶಾಲಾ ಬಸ್ ಚಾಲಕ,
ಸದ್ಯದ ವಾಸ: ಸ್ವಂತ ಮನೆಯ ಅಂಗಳದಲ್ಲಿ ನಿಂತಿರುವ ಟ್ರೇಲರ್,
ನೋರ್ಬಿ, ದಕ್ಷಿಣ ಡಕೋಟಾ.

ಗೆ:
ಶ್ರೀಮತಿ ಆರ್ಡಿತ್ ಬ್ರೆಕ್ಕೆ ಅವರು,
ವಾಹನ ನೋಂದಣಿ ಕೌಂಟರಿನ ನಿವೃತ್ತ ಗುಮಾಸ್ತೆ ಹಾಗೂ ಅರ್ಜಿದಾರನ ಧರ್ಮಪತ್ನಿ,
ಅಡುಗೆಮನೆ, ಅದೇ ವಿಳಾಸ.

ವಿಷಯ: ಮಧ್ಯಮ ಗಾತ್ರದ ಪಿಕಪ್ ಟ್ರಕ್ಕು ಸುರಕ್ಷಿತವಾಗಿ ಎಳೆಯಬಲ್ಲ ಟ್ರೇಲರಿನ ಅಳತೆಯನ್ನು ಮರುಪರಿಶೀಲಿಸುವ ಬಗ್ಗೆ, ಹಾಗೂ ಟ್ರಕ್ಕಿನ ಬಲಗಡೆ ಸೀಟು ಭರ್ತಿ ಮಾಡುವ ಬಗ್ಗೆ.

ಉಲ್ಲೇಖ: 1. ಜೂನ್ ಒಂಬತ್ತರಂದು ಅಡುಗೆಮನೆ ಕಿಟಕಿಯಿಂದ ತಾವು ಹೊರಡಿಸಿದ ಮೌಖಿಕ ಆದೇಶ: "ಏನ್ ಹೇಳೋದಿದ್ರೂ ಬರೆದು ಕೊಡು. ಲಗತ್ತು ಇಲ್ಲದೆ ಇದ್ರೆ ಓದಲ್ಲ."
2. ಟ್ರಕ್ಕಿನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಹಳದಿ ಚೀಟಿ. ಅರ್ಜಿದಾರನು ಇದನ್ನು ನಾಲ್ಕು ವರ್ಷ ಓದಿರಲಿಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತಾನೆ. ತಾವು ಮೂವತ್ತೊಂದು ವರ್ಷ ಆ ಕೌಂಟರಿನಲ್ಲಿ ಕೂತು, ಒಂದು ಸಹಿ ಕಮ್ಮಿ ಇದ್ದುದಕ್ಕೆ ನಮ್ಮ ಚರ್ಚಿನ ಪಾದ್ರಿಯವರನ್ನೇ ವಾಪಸು ಕಳಿಸಿದವರು. ಕಾರಣ, ತಮ್ಮ ಮುಂದೆ ಗೋಳಾಡಿ ಪ್ರಯೋಜನವಿಲ್ಲವೆಂದು ಅರ್ಜಿದಾರನಿಗೆ ಚೆನ್ನಾಗಿ ಗೊತ್ತಿದೆ.

1. ಕಳೆದ ಏಪ್ರಿಲ್‌ನಲ್ಲಿ ಅರ್ಜಿದಾರನು ತಮ್ಮನ್ನು ಕೇಳದೆ, ಪ್ರವಾಸದಲ್ಲಿ ಉಂಡು ಮಲಗಲೆಂದು, ಚಕ್ರದ ಮೇಲಿನ ಮನೆಯಂಥ ಇಪ್ಪತ್ತಾರಡಿ ಟ್ರೇಲರ್ ಕೊಂಡದ್ದು ನಿಜ. ಅಂಗಡಿಯವನು ಹೇಳಿದ್ದಿಷ್ಟು: "ನಿಮ್ ಟ್ರಕ್ಕಿಗೆ ಏಳು ಸಾವಿರ ಪೌಂಡ್ ಎಳೆಯೋ ತಾಕತ್ತಿದೆ ಸಾರ್. ಇದು ಖಾಲಿ ಇದ್ರೆ ಐದು ಸಾವಿರದ ಮುನ್ನೂರು. ಕಣ್ಮುಚ್ಕೊಂಡು ತಗೊಳ್ಳಿ." ಅರ್ಜಿದಾರನು ಹಾಗೆಯೇ ತೆಗೆದುಕೊಂಡನು. "ಖಾಲಿ" ಎಂಬ ಮಾತು ಅವನ ಕಿವಿಗೆ ಬೀಳಲಿಲ್ಲ.

2. ಆ ಖಾಲಿ ಟ್ರೇಲರಿನೊಳಕ್ಕೆ ಅರ್ಜಿದಾರನು ಹದಿಮೂರು ಕಬ್ಬಿಣದ ಬಾಣಲೆ, ಲಾಳ ಎಸೆಯುವ ಆಟದ ಸಾಮಾನು ಎರಡು ಜೊತೆ, ಬೀಗರಿಗೊಂದು ಇರಲೆಂದು ಎರಡನೇ ಒಲೆ, ಟ್ಯಾಂಕಿನ ಕತ್ತಿನವರೆಗೆ ನೀರು ತುಂಬಿದನು. ನಾವು ಹೋಗಲಿದ್ದ ಜಾಗದಲ್ಲಿ ನಲ್ಲಿ ಇತ್ತು. ತಮ್ಮ ಪಾಲಿನದು ಒಂದು ಸೂಟ್‌ಕೇಸು, ಒಂದು ದಿಂಬು.

3. ಹೊರಡುವ ದಿನ, ತೂಕ ನೋಡಿಬಿಡೋಣವೆಂಬ ಸದ್ಬುದ್ಧಿ ಬಂದು, ಗಾಡಿಯನ್ನು ಊರಿನ ಧಾನ್ಯದ ಗೋದಾಮಿನ ವೇಬ್ರಿಡ್ಜ್ ಮೇಲೆ ನಿಲ್ಲಿಸಲಾಯಿತು. ಸಮಯ ಬೆಳಗ್ಗೆ ಒಂಬತ್ತೂವರೆ. ಅದು ಊರಿನ ಗಂಡಸರೆಲ್ಲ ಗೋದಾಮಿನ ಕಿಟಕಿಗೆ ಮುಖ ಮಾಡಿ ಕಾಫಿ ಕುಡಿಯುವ ಹೊತ್ತೆಂಬುದು ಅರ್ಜಿದಾರನಿಗೆ ತಿಳಿದಿತ್ತು. ತೂಕವನ್ನು ಹೊರಗಿನ ಬೋರ್ಡಿನಲ್ಲಿ, ಹೆದ್ದಾರಿಗೆ ಕಾಣುವಷ್ಟು ದೊಡ್ಡ ಕೆಂಪು ಅಂಕಿಗಳಲ್ಲಿ ತೋರಿಸುತ್ತಾರೆಂಬುದೂ ತಿಳಿದಿತ್ತು. ಆದಾಗ್ಯೂ ಅವನು ಹೇಳಿದನು: "ಆರ್ಡಿತ್, ಒಂಚೂರು ಇಳಿತೀಯಾ? ಲೆಕ್ಕ ಸರಿ ಬರ್ಬೇಕು."

ತಾವು ಇಳಿದಿರಿ. ಅಂಕಿಯೂ ಇಳಿಯಿತು.

ಕಿಟಕಿಯಲ್ಲಿದ್ದವರು ಹುಟ್ಟಿದಾಗಿನಿಂದ ತುಂಬಿದ ಲಾರಿಯಿಂದ ಖಾಲಿ ಲಾರಿಯನ್ನು ಕಳೆದು ಬದುಕಿದವರು. ಪೆನ್ನು ಕಾಗದ ಅವರಿಗೆ ಬೇಕಾಗಲಿಲ್ಲ. ಯಾರೂ ನಗಲಿಲ್ಲ, ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಕಪ್ಪಿನೊಳಗೆ ನೋಡತೊಡಗಿದರು. ತೂಕ ಹಾಕುವ ಲೈಲ್ ಕಿಟಕಿ ಸರಿಸಿ, "ಚೀಟಿ ಬೇಕೇನೋ ವರ್ಲಿನ್?" ಎಂದನು. ತಾವು ಯಾವತ್ತೂ ಪ್ರತಿ ಕೇಳುವವರಾದ ಕಾರಣ ಅರ್ಜಿದಾರನು, "ಎರಡು ಕೊಡು," ಎಂದನು.

4. ಸದರಿ ಅಂಕಿಯನ್ನು ಇಲ್ಲಿ ನಮೂದಿಸಿರುವುದಿಲ್ಲ. ಅರ್ಜಿದಾರನು ದಡ್ಡನಿರಬಹುದು, ಆದರೆ ಬದುಕುವ ಆಸೆ ಇದೆ. ಅದು ತಾವು ತಮ್ಮ ಲೈಸೆನ್ಸಿನ ತೂಕದ ಕಲಮಿನಲ್ಲಿ ಮೂವತ್ತೊಂದು ವರ್ಷ ತಾವೇ ಟೈಪು ಮಾಡಿಕೊಂಡ ಅಂಕಿಗೆ ತಾಳೆಯಾಗುತ್ತದೆಯೇ ಎಂಬುದು ಅವನ ವಿಚಾರಣಾ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲದೆ ಆ ವೇಬ್ರಿಡ್ಜ್ ಇಪ್ಪತ್ತಿಪ್ಪತ್ತು ಪೌಂಡಾಗಿ ಮಾತ್ರ ಏರಿಳಿಯುತ್ತದೆ. ಅದು ಗೋಧಿಗೆ ಮಾಡಿದ್ದು, ಹೆಂಗಸರಿಗಲ್ಲ.

5. ತುಂಬಿದ ಟ್ರೇಲರ್ 6,600 ಪೌಂಡ್ ತೂಗಿತು. ಏಳು ಸಾವಿರದ ಒಳಗಿತ್ತೆಂದು ಅರ್ಜಿದಾರನು ಮೀಸೆ ತಿರುವುವಷ್ಟರಲ್ಲಿ ಬಾಗಿಲ ಹಳದಿ ಚೀಟಿ ಕಣ್ಣಿಗೆ ಬಿತ್ತು. ಟ್ರಕ್ಕಿನ ಬೆನ್ನ ಮೇಲೆ ಜನ, ಸಾಮಾನು ಎಲ್ಲ ಸೇರಿ 1,210 ಪೌಂಡ್ ಮೀರಬಾರದು. ಟ್ರೇಲರಿನ ಮೂತಿ ಟ್ರಕ್ಕಿನ ಮೇಲೆ ಒತ್ತುವ ಭಾರವೇ, ನೂರಕ್ಕೆ ಹದಿಮೂರರಂತೆ, 860. ಕೊಂಡಿಯ ಸಾಮಾನು 80. ಉಳಿದದ್ದು 270. ಲೈಸೆನ್ಸಿನ ಪ್ರಕಾರ ಅರ್ಜಿದಾರ 225. ಪಾಪಿ ಎಂಬ ಹೆಸರಿನ ನಮ್ಮ ನಾಯಿ 44. ತಮಗಾಗಿ ಒಂದು ಪೌಂಡ್ ಉಳಿಯಿತು.

6. ಆದ್ದರಿಂದ ಅರ್ಜಿದಾರನು ತಮ್ಮನ್ನು ಸ್ವಂತ ಕಾರಿನಲ್ಲಿ ಹಿಂದೆ ಬರುವಂತೆ ಕೇಳಿಕೊಂಡನು. ಆಗ ತಾವು ಅಂದದ್ದು ಅವನಿಗೆ ಬಾಯಿಪಾಠವಾಗಿದೆ: "ನಾಯಿಗೆ ಜಾಗ ಇದೆ, ನಂಗಿಲ್ಲ. ಆಯ್ತು, ನಡಿ."

7. ಮಿಸ್ಸೂರಿ ನದಿಯ ಸೇತುವೆ ಮೇಲೆ ಅಡ್ಡಗಾಳಿ ಬೀಸಿತು. ಟ್ರೇಲರ್ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೊಯ್ದಾಡಿ, ಬಂಡಿಯೇ ಎತ್ತನ್ನು ಎಳೆದಾಡಿತು. ಅರ್ಜಿದಾರನು ಇಪ್ಪತ್ತೆಂಟು ವರ್ಷ ಹಿಮದಲ್ಲಿ ಶಾಲಾ ಬಸ್ ಓಡಿಸಿದವನು. ಅಂದು ಅವನ ಕೈಗೆ ಸ್ಟಿಯರಿಂಗ್ ಹತ್ತಲಿಲ್ಲ. ಗಾಳಿ ತಾನಾಗಿ ನಿಂತಿತು, ಅವನು ಬದುಕಿದನು. ಅದರಲ್ಲಿ ಅವನ ಜಾಣ್ಮೆ ಏನೂ ಇಲ್ಲ.

ದಾಟಿದ ಮೇಲೆ ತಾವು ಕಾರು ನಿಲ್ಲಿಸಿ ಬಂದು ಟ್ರಕ್ಕಿನ ಕನ್ನಡಿ ಹಿಡಿದುಕೊಂಡಿರಿ.

"ಆ ಡಬ್ಬ ನಿನ್ನನ್ನ ನದಿಗೆ ಎತ್ತಾಕೋದನ್ನ ನಾನು ಹಿಂದೆ ಕೂತ್ಕೊಂಡು ನೋಡ್ಬೇಕಿತ್ತೇನೋ?"

"ಏನೂ ಆಗ್ಲಿಲ್ವಲ್ಲ ಆರ್ಡಿತ್."

"ಇದರ ಪಕ್ಕಾನೂ ಕೂರಲ್ಲ, ಇದರ ಹಿಂದೇನೂ ಬರಲ್ಲ. ನಾಯಿ ಜೊತೆ ಹೋಗು."

8. ತಾವು ಕಾರು ತಿರುಗಿಸಿದಿರಿ. ಅರ್ಜಿದಾರನೂ ಇಪ್ಪತ್ತು ಮೈಲಿ ಮುಂದೆ ಹೋಗಿ ಮನೆಯ ಕಡೆ ತಿರುಗಿದನು. ನಲವತ್ತೊಂದು ವರ್ಷ ತಾವು ಆ ಸೀಟಿನಲ್ಲಿ ಕೂತು ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಿರಿ, "ನಂಗೂ ಕಣ್ಣಿದೆ ಮಾರಾಯ್ತಿ," ಎಂದು ಅವನು ಪ್ರತಿ ಸಲವೂ ಗೊಣಗುತ್ತಿದ್ದನು. ಅಂದು ಯಾರೂ ಓದಲಿಲ್ಲ. ಪಾಪಿಗೆ ಓದು ಬರುವುದಿಲ್ಲ. ಅರ್ಜಿದಾರನು ಅಳಲಿಲ್ಲವೆಂದು ಬರೆದರೆ ಸುಳ್ಳು ಪ್ರಮಾಣವಾಗುತ್ತದೆ.

9. ತತ್ಪರಿಣಾಮವಾಗಿ, ಈ ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಅರ್ಜಿದಾರನು ನಡೆದುಕೊಂಡು ಹೋಗಿ ಅದೇ ವೇಬ್ರಿಡ್ಜ್ ಮೇಲೆ ನಿಂತನು.

"ಲಾರಿ ಎಲ್ಲೋ?" ಎಂದನು ಲೈಲ್.

"ನಾನೇ ಲಾರಿ. ತೂಕ ಹಾಕು."

ಬೋರ್ಡಿನಲ್ಲಿ 260 ಬಂತು. ಈ ಸಲ ಕಿಟಕಿಯಲ್ಲಿದ್ದವರು ನಕ್ಕರು. ಕೆಲವರು ಹೊರಗೇ ಬಂದು ನಕ್ಕರು. "ಲೈಸೆನ್ಸಲ್ಲಿ ಎಷ್ಟಿದೆಯೋ?" ಎಂದು ಲೈಲ್ ಕೇಳಿದನು. ಅರ್ಜಿದಾರನು ಹೇಳಿದನು. "ಅದು ಯಾವ ಕಾಲದ್ದೋ? ನೀನು ಫುಟ್‌ಬಾಲ್ ಆಡ್ತಿದ್ದಾಗಿಂದಾ?" ಎಂದನು. ಅರ್ಜಿದಾರನು ಅಲ್ಲಿಯೇ ನಿಂತುಕೊಂಡು, ಅವರು ನಕ್ಕು ಮುಗಿಯುವ ತನಕ ಕಾದನು. ಅಂಕಿ ಹೆದ್ದಾರಿಗೆ ಕಾಣುತ್ತಲೇ ಇತ್ತು.

10. ಈ ಹೊಸ ದಾಖಲೆಯ ಪ್ರಕಾರ, ಆ ಇಪ್ಪತ್ತಾರಡಿಯನ್ನು ಎಳೆಯುವಾಗ ಟ್ರಕ್ಕಿನಲ್ಲಿ ನಾಯಿಗೂ ಜಾಗವಿರಲಿಲ್ಲ. ಇಳಿಯಬೇಕಾದವನು ಮೊದಲಿಂದಲೂ ಚಾಲಕನೇ. ತಮ್ಮನ್ನು ಇಳಿಸಿದ್ದು ಅನ್ಯಾಯ.

ಕಾರಣ, ಅಂಗಡಿಯವನು ಬದಲಿಗೆ ಕೊಡಲೊಪ್ಪಿರುವ ಹದಿನಾರಡಿ ಟ್ರೇಲರಿಗೆ ತಮ್ಮ ಅನುಮತಿ ಬೇಕಾಗಿದೆ. ತುಂಬಿದರೂ ಅದು 3,800 ಪೌಂಡ್ ದಾಟದಂತೆ ಬಾಣಲೆಗಳನ್ನು ಒಂದಕ್ಕೆ ಇಳಿಸಲಾಗುವುದು. ಅದರ ಮೂತಿಯ ಭಾರ ಸುಮಾರು ಐನೂರು. ಕೊಂಡಿ, ಅರ್ಜಿದಾರನ ನಿಜವಾದ ತೂಕ, ನಾಯಿ ಎಲ್ಲ ಕಳೆದ ಮೇಲೂ 326 ಪೌಂಡ್ ಉಳಿಯುತ್ತದೆ. ಬಲಗಡೆ ಸೀಟಿನಲ್ಲಿ ಯಾರು ಕೂತರೂ, ಸೂಟ್‌ಕೇಸು ಹಿಡಿದು ಕೂತರೂ, ಅವರ ತೂಕ ಕೇಳುವ ಪ್ರಮೇಯವೇ ಬರುವುದಿಲ್ಲ. ಮಂಚ ಕಿರಿದು. ಗೋಡೆ ಬದಿಗೆ ಅರ್ಜಿದಾರನು ಮಲಗತಕ್ಕದ್ದು.

ತಮ್ಮ ವಿಶ್ವಾಸಿ,
ವರ್ಲಿನ್ ಬ್ರೆಕ್ಕೆ

ಲಗತ್ತುಗಳು:
1. ವೇಬ್ರಿಡ್ಜ್ ಚೀಟಿ, ಮಂಗಳವಾರದ್ದು, 260 ಪೌಂಡ್. ಮೂಲ ಪ್ರತಿ.
2. ಅರ್ಜಿದಾರನ ಲೈಸೆನ್ಸು, ತಿದ್ದುಪಡಿಗಾಗಿ.
3. ಪ್ರವಾಸ ಹೊರಟ ದಿನದ ಚೀಟಿಯ ಎರಡು ಪ್ರತಿಗಳ ಬೂದಿ, ಲಕೋಟೆಯಲ್ಲಿ.

ವಿಶೇಷ ಸೂಚನೆ: ಅಂಗಡಿ ಐದಕ್ಕೆ ಮುಚ್ಚುತ್ತದೆ. ಟ್ರಕ್ಕು ಅಂಗಳದಲ್ಲಿ ಚಾಲೂ ಇದೆ, ಪಾಪಿಯನ್ನು ಹಿಂದಿನ ಸೀಟಿಗೆ ವರ್ಗಾಯಿಸಲಾಗಿದೆ. ಅನುಮತಿ ಇದ್ದಲ್ಲಿ ಸಹಿ ಹಾಕುವ ಅಗತ್ಯವಿಲ್ಲ. ಬಂದು ಕೂತು, ಮೊದಲ ಬೋರ್ಡನ್ನು ಗಟ್ಟಿಯಾಗಿ ಓದಬೇಕಾಗಿ ಕೋರಿದೆ.