ಒಂದು ಬೆರಳು ಡೀಸೆಲ್

ಡೀಸೆಲ್ ಉಳಿದದ್ದೇ ಬಜಾರಪ್ಪನಿಗೆ ಮುಳುವಾಯಿತು.

ಆದೋನಿಯ ಹತ್ತಿ ವ್ಯಾಪಾರಿ ಕೊಟ್ರಬಸಪ್ಪನವರ ಗಾಡಿಯನ್ನು ಅವನು ಹನ್ನೊಂದು ವರ್ಷಗಳಿಂದ ಓಡಿಸುತ್ತಿದ್ದ. ಪ್ರತಿ ಟ್ರಿಪ್ಪಿಗೂ ಟ್ಯಾಂಕು ತುಂಬಿಸಿ ಹತ್ತಿ ತರಲು ಆಸ್ಪರಿಗೆ ಕಳಿಸುವ ಸಾಹುಕಾರರು, ಗಾಡಿ ಬಂದ ಕೂಡಲೇ ಟ್ಯಾಂಕಿನೊಳಗೆ ಒಂದು ಬೇವಿನ ಕೋಲು ಇಳಿಸಿ ನೋಡುವರು. ಕೋಲಿನ ಮೇಲೆ ಚಾಕುವಿನಿಂದ ಕೊರೆದ ಗುರುತಿಗೆ ಡೀಸೆಲ್ ನಿಂತಿದ್ದರೆ ಡ್ರೈವರ್ ಪ್ರಾಮಾಣಿಕ. ಸ್ವಂತ ತಮ್ಮನನ್ನೂ ನಂಬದ ಅವರು ಆ ಕೋಲನ್ನು ನಂಬಿದ್ದರು. ಹೊಸ ಲಾರಿಯೊಂದು ಬರುವುದಿತ್ತು. ಅದರ ಕೀಲಿಕೈ ತನಗೇ ಸಿಗಬೇಕೆಂದು ಬಜಾರಪ್ಪನ ಆಸೆ.

ಅದಕ್ಕೇ ಅವತ್ತು ಬೆಳಿಗ್ಗೆ ಮೆಕ್ಯಾನಿಕ್ ಮಾರೆಣ್ಣನ ಮಾತು ಕೇಳಿ, ತನ್ನದೇ ಖರ್ಚಿನಲ್ಲಿ, ಎಂಜಿನ್ ಎಣ್ಣೆಗೆ ಒಂದು ಸಣ್ಣ ಬಾಟಲಿ ನ್ಯಾನೊ ದ್ರಾವಣ ಹಾಕಿಸಿದ್ದ. ಅದರಲ್ಲಿರುವ ಕಣ್ಣಿಗೆ ಕಾಣದ ಪುಡಿ ಎಂಜಿನ್ನಿನ ತಿಕ್ಕಾಟ ತಗ್ಗಿಸಿ ಡೀಸೆಲ್ ಉಳಿಸುತ್ತದಂತೆ. ಗಾಡಿ ಉಂಡು ಮಲಗಿದ ಬೆಕ್ಕಿನಂತೆ ಗುರುಗುಟ್ಟುತ್ತ ಹೋಗಿ ಬಂತು.

ಮಧ್ಯಾಹ್ನ ಕೋಲು ಎತ್ತಿದ ಸಾಹುಕಾರರ ಮುಖ ಗಂಟಾಯಿತು.

“ಬಜಾರಪ್ಪಾ, ಇವತ್ತು ಒಂದು ಬೆರಳು ಜಾಸ್ತಿ ಉಳಿದೈತಿ.”

“ಹೌದ್ರಿ ಸಾವ್ಕಾರ್ರೇ,” ಬಜಾರಪ್ಪ ಹಲ್ಲು ಕಿಸಿದ.

“ಹಂಗಾರ ಇಷ್ಟು ವರ್ಷ ಈ ಒಂದು ಬೆರಳು ಎಲ್ಲಿಗೆ ಹೋಗತಿತ್ತು?”

ಕಿಸಿದ ಹಲ್ಲು ಹಾಗೇ ನಿಂತಿತು. ಬಡವ ನ್ಯಾನೊ ಪುರಾಣವನ್ನೆಲ್ಲ ಒದರಿದ. ಅಷ್ಟರಲ್ಲಿ ಪಕ್ಕದ ಅಂಗಡಿಯ ಸೋಮಶೇಖರಪ್ಪ ಕರೆಯದೆಯೇ ಬಂದು ನಿಂತಿದ್ದರು.

“ಕಣ್ಣಿಗೆ ಕಾಣಂಗಿಲ್ಲಂತ, ಡೀಸೆಲ್ ಉಳಸ್ತೈತಂತ. ನನ್ನ ಹಳೇ ಡ್ರೈವರ್ ತಿಂದದ್ದೂ ಕಣ್ಣಿಗೆ ಕಾಣ್ತಿರಲಿಲ್ಲ ಬಿಡ್ರಿ. ಆ ಎಣ್ಣಿ ತೆಗಿಸಿ, ಬರೇ ಎಣ್ಣಿ ಹಾಕಿಸಿ ಇನ್ನೊಂದು ಟ್ರಿಪ್ ಕಳಸ್ರಿ. ಡೀಸೆಲ್ ಹಳೇ ಗುರುತಿಗೆ ಬಂದ್ರ ಇವನ ಮಾತು ಖರೇ” ಎಂದು ತೀರ್ಪು ಕೊಟ್ಟರು.

ಮಾರೆಣ್ಣ ಎಣ್ಣೆ ಬದಲಿಸುತ್ತ ಹೆಮ್ಮೆಯಿಂದ ಹೇಳಿದ: “ಎಣ್ಣಿ ತೆಗೆದ್ರೂ ಆ ಪುಡಿ ಕಬ್ಬಿಣಕ್ಕ ಹತ್ತಿಕೊಂಡಿರತೈತಣ್ಣಾ. ಇನ್ನೂ ನಾಕು ದಿನ ಡೀಸೆಲ್ ಉಳಿತೈತಿ. ಮಾಲು ಅಷ್ಟು ಗಟ್ಟಿ.”

ಬಜಾರಪ್ಪ ಲೆಕ್ಕ ಹಾಕಿದ. ಈ ಸಲವೂ ಉಳಿದರೆ ಹೊಸ ಲಾರಿ ಹಾಗಿರಲಿ, ಹನ್ನೊಂದು ವರ್ಷದ ಹೆಸರೇ ಮಣ್ಣುಪಾಲು. ಆಸ್ಪರಿಯಿಂದ ಹಿಂದಿರುಗುವಾಗ ಆದೋನಿಯ ಹೊರಗೆ ಗಾಡಿ ನಿಲ್ಲಿಸಿ, ಸಾಹುಕಾರರ ಕೋಲಿನ ಅಳತೆಗೆ ಮುರಿದುಕೊಂಡಿದ್ದ ಕಡ್ಡಿ ಇಳಿಸಿ ನೋಡಿದ. ಹಾಳಾದ್ದು ಉಳಿದೇ ಇತ್ತು. ಜೀವಮಾನದಲ್ಲಿ ಮೊದಲ ಸಲ ಪೈಪು ಹಾಕಿ ಬಾಯಿಂದ ಡೀಸೆಲ್ ಎಳೆದ. ಒಂದು ಗುಟುಕು ಹೊಟ್ಟೆಗೆ, ಮಿಕ್ಕದ್ದು ನೀರಿನ ಬಾಟಲಿಗೆ. ಚೆಲ್ಲಲು ಮನಸ್ಸು ಬರಲಿಲ್ಲ. ಅಲ್ಲೇ ಡೀಸೆಲ್ ಮುಗಿದು ನಿಂತ ಟ್ರ್ಯಾಕ್ಟರಿನ ಪಕ್ಕ ಹೆಂಗಸೊಬ್ಬಳು ತಲೆಮೇಲೆ ಕೈಹೊತ್ತು ಕೂತಿದ್ದಳು. ಆಕೆಯ ಕೈಗೆ ಬಾಟಲಿಯಿಟ್ಟು, ದುಡ್ಡೂ ಬೇಡವೆಂದು ಬಂದುಬಿಟ್ಟ.

ಸಂಜೆ ಡೀಸೆಲ್ ಗುರುತಿಗೆ ಸರಿಯಾಗಿ ನಿಂತಿತು. ಸೋಮಶೇಖರಪ್ಪ ಕೂಡ ಬಗ್ಗಿ ನೋಡಿ ತಲೆಯಾಡಿಸಿದರು. ಕೊಟ್ರಬಸಪ್ಪನವರ ಕಣ್ಣು ಒದ್ದೆಯಾಯಿತು.

“ನಾನೇ ತಪ್ಪು ತಿಳ್ಕಂಡೆನಪ್ಪಾ. ಹೊಸ ಲಾರಿ ನೀನೇ ಓಡಸು.”

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದರು.

“ಸಾವ್ಕಾರ್ರಾ? ನಾನು ಶಂಕರಮ್ಮರಿ. ಗಾಡಿ ಹಿಂದ ಬರೆದಿದ್ದ ಫೋನ್ ನಂಬರ್ ನೋಡಿ ಮಾಡೀನಿ. ನಮ್ಮ ಟ್ರ್ಯಾಕ್ಟರ್ ನಿಂತಿತ್ತು. ನಿಮ್ಮ ಡ್ರೈವರ್ ತನ್ನ ಟ್ಯಾಂಕಿನಾಗಿಂದ ತೆಗೆದು ಬಾಟ್ಲಿ ತುಂಬ ಡೀಸೆಲ್ ಕೊಟ್ಟ. ಒಂದು ರೂಪಾಯಿ ತಗೊಳ್ಳಿಲ್ಲ. ದೇವರಂಥ ಮನಿಷಿರಿ.”

ಕೊಟ್ರಬಸಪ್ಪನವರು ಫೋನನ್ನು ನಿಧಾನವಾಗಿ ಜೇಬಿಗಿಟ್ಟು, ಬಜಾರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹನ್ನೊಂದು ವರ್ಷದಾಗ ಹಿಂಗ ಎಷ್ಟು ಮಂದಿಗೆ ಪುಣ್ಯ ಮಾಡೀಯಪ್ಪಾ?”