ಚಿಕ್ಕಪ್ಪನ ಆರು ಹಿತ್ತಾಳೆ ಚಿಪ್ಪುಗಳು

ಕೋವಿಮದ್ದಿನ ವಿಷಯದಲ್ಲಿ ನಮ್ಮ ಚಿಕ್ಕಪ್ಪನಷ್ಟು ತಿಳಿದವರು ಇಡೀ ವಸಂತಪುರದಲ್ಲಿ ಇನ್ನೊಬ್ಬರಿಲ್ಲ. ಆದರೆ ಈ ಇಪ್ಪತ್ತು ವರ್ಷಗಳಲ್ಲಿ ಅವರ ಕೈಯಿಂದ ಒಂದು ಪಟಾಕಿ ಸಿಡಿದದ್ದನ್ನೂ ನಾನು ಕಂಡಿಲ್ಲ!

ಅವರ ಬಳಿ ತಾತನ ಕಾಲದ ರಿವಾಲ್ವರ್ ಇದೆ, ಲೈಸೆನ್ಸೂ ಇದೆ. ಜೋಳದ ಹೊಲವಿದ್ದಾಗ ಗಿಳಿ ಓಡಿಸಲು ಅದು ಬೇಕಾಗುತ್ತಿತ್ತು. ಈಗ ಹೊಲವಿದ್ದಲ್ಲಿ ಬಾಡಿಗೆ ಮನೆಗಳಿವೆ. ಇನ್ನು ಓಡಿಸುವುದು ಯಾರನ್ನು, ಬಾಡಿಗೆದಾರರನ್ನೇ? ಆ ಅಳತೆಯ ಗುಂಡುಗಳೂ ಈಗ ಸಿಗುವುದಿಲ್ಲ. ಆದರೂ ಚಿಕ್ಕಮ್ಮ ತೀರಿಕೊಂಡ ಮೇಲೆ ಚಿಕ್ಕಪ್ಪನಿಗೆ ಒಂದೇ ಹಟ: ಹಾರಿಸಿ ಖಾಲಿಯಾದ ಹಳೆಯ ಗುಂಡಿನ ಚಿಪ್ಪುಗಳಿಗೆ ಮತ್ತೆ ಮದ್ದು ತುಂಬಿಸಬೇಕು, ಒಂದೇ ಒಂದು ಸಲ ಆ ಸದ್ದು ಕೇಳಬೇಕು.

ಜಯನಗರದ ಅಂಗಡಿಯಲ್ಲಿ ಕಾಫಿಪುಡಿಗೆ ಚಿಕೋರಿ ಎಷ್ಟು ಎಂದು ಅರ್ಧ ಗಂಟೆ ವಿಚಾರಿಸುವ ಮನುಷ್ಯ, ಮದ್ದನ್ನು ಸುಮ್ಮನೆ ಕೊಳ್ಳುತ್ತಾರೆಯೇ? ಬಂದೂಕಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು.

“ಹೊಗೆ ಕಮ್ಮಿ ಇರೋದು ಯಾವ್ದು? ಹಳೇ ಗನ್ನು ತಡ್ಕೊಳ್ಳೋದು ಯಾವ್ದು? ರೇಟೂ ಸ್ವಲ್ಪ ನೋಡಿ ಹೇಳಿ.”

“ಅಂಕಲ್, ಅಗ್ಗದ್ದು ಕೇಳೋಕೆ ಇದೇನು ಚಟ್ನಿಪುಡಿನಾ?” ಎಂದರು ಅಂಗಡಿಯವರು. “ಹೊಂದದೇ ಇರೋ ಮದ್ದು ಹಾಕಿದ್ರೆ ಗನ್ನೂ ಹೋಗುತ್ತೆ, ಬೆರಳೂ ಹೋಗುತ್ತೆ. ಮನೇಲಂತೂ ಕೈ ಹಾಕ್ಲೇಬೇಡಿ. ಪರ್ಮಿಷನ್ ತನ್ನಿ, ಗೊತ್ತಿರೋರ ಹತ್ರ ತುಂಬಿಸೋಣ.”

ಬೆರಳಿನ ಮಾತು ಚೆನ್ನಾಗಿ ನಾಟಿತು. ಒಂದು ಕಾಳು ಮದ್ದೂ ಬಾರದ ಮನೆಯಲ್ಲಿ ಅಂದೇ ಬೆಂಕಿಪೊಟ್ಟಣ ನಿಷೇಧ! ದೇವರಿಗೆ ಊದುಬತ್ತಿ ಬಂದ್. ಕೆಳಮನೆಯವರ ಒಗ್ಗರಣೆ ಚಟಪಟ ಎಂದರೂ ಕಿಟಕಿಯಿಂದ ಕೂಗು: “ಮೇಡಂ, ಸಾಸಿವೆ ಬೇಡ!”

“ಮದ್ದೇ ಬಂದಿಲ್ವಲ್ಲ ಚಿಕ್ಕಪ್ಪ?”

“ಅಭ್ಯಾಸ ಆಗ್ಲಿ ಕಣೋ.”

ಎಂಟು ತಿಂಗಳು ಕಚೇರಿ ಅಲೆದು ಅನುಮತಿ ಪತ್ರ ತಂದೇಬಿಟ್ಟರು. ಮರುದಿನ ಬೆಳಿಗ್ಗೆ ಅವರನ್ನು ಅಂಗಡಿಗೆ ಕರೆದೊಯ್ಯಲು ನಾನು ಗಿರಿನಗರದಿಂದ ಸ್ಕೂಟರ್ ಹತ್ತಿ ಬಂದೆ. ಚಿಕ್ಕಪ್ಪ ದೇವರ ಮನೆಯಲ್ಲಿ ಕುಳಿತಿದ್ದರು. ಎದುರಿಗೆ ಸಾಲಾಗಿ ಆರು ಹಿತ್ತಾಳೆ ಚಿಪ್ಪುಗಳು. ಚಿಕ್ಕಮ್ಮ ಅವನ್ನೇ ಊದುಬತ್ತಿ ಸಿಕ್ಕಿಸಲು ಇಟ್ಟುಕೊಂಡಿದ್ದರು, ಶುಕ್ರವಾರ ಶುಕ್ರವಾರ ದೀಪಗಳ ಜೊತೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಈಗ ಚಿಕ್ಕಪ್ಪನೇ ಉಜ್ಜುತ್ತಾರಂತೆ.

“ಮಧ್ಯಾಹ್ನ ಹೊಲದಿಂದ ಹೊರಡೋವಾಗ ಒಂದು ಹೊಡೀತಿದ್ದೆ,” ಎಂದರು. “ಗಿಳಿಗಳೂ ಹಾರ್ತಿದ್ವು, ಸದ್ದು ಕೇಳಿ ಇವಳೂ ಮನೇಲಿ ಮುದ್ದೆಗೆ ಎಸರಿಡ್ತಿದ್ಲು. ನಾನು ಬಂದು ಕಾಲು ತೊಳ್ಕೊಳ್ಳೋಷ್ಟರಲ್ಲಿ ತಟ್ಟೇಲಿ ಬಿಸಿ ಮುದ್ದೆ.”

ಇಷ್ಟು ತಿಂಗಳು ಅವರನ್ನು ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

“ಹೊರಡೋಣ್ವಾ? ಅಂಗಡಿಯವರು ಕಾಯ್ತಿರ್ತಾರೆ,” ಎಂದೆ ಮೆಲ್ಲಗೆ.

ಚಿಕ್ಕಪ್ಪ ಒಂದು ಚಿಪ್ಪನ್ನು ಎತ್ತಿ, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಅದೇ ಜಾಗದಲ್ಲಿಟ್ಟರು.

“ಬೇಡ ಕಣೋ. ಸದ್ದು ನನಗೆ ಕೇಳ್ಸುತ್ತೆ, ಸರಿ. ಎಸರಿಡೋರು ಯಾರು?”

ಆಮೇಲೆ ಎದ್ದು ಕಿಟಕಿಯ ಬಳಿ ಹೋಗಿ ಕೆಳಮನೆಯವರನ್ನು ಕೂಗಿದರು: “ಮೇಡಂ, ಒಂದು ಬೆಂಕಿಪೊಟ್ಟಣ ಇದ್ರೆ ಕೊಡಿ.”